ಸುಸ್ತು ಅಂದ್ರೆ ಸೋಮಾರಿತನ ಅಲ್ಲ

ಅರವತ್ತು ದಾಟಿದವರು ‘ಯಾಕೋ ಸುಸ್ತು’ ಅಂದರೆ ಎಲ್ಲರೂ ‘ಪಾಪ’ ಅಂತಾರೆ. ಅದೇ ಇಪ್ಪತ್ತನಾಲ್ಕರ ಹುಡುಗಿ ಅಂದರೆ, ‘ಈ ವಯಸ್ಸಿಗೇ ಏನೇ ನಿಂಗೆ? ನಿನ್ನ ವಯಸ್ಸಲ್ಲಿ ನಾವು ಬಾವಿಯಿಂದ ನೀರು ಸೇದ್ತಿದ್ವಿ’ ಅಂತ ಶುರುವಾಗುತ್ತೆ. ಎರಡು ವರ್ಷ ಈ ಮಾತು ಕೇಳಿದವಳು ನಾನು.

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತೇನೆ. ಓಡಾಟಕ್ಕೆ ದಣಿವಾಗುವುದು ಸಹಜ. ಆದರೆ ಭಾನುವಾರ ಒಂಬತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಹನ್ನೊಂದಕ್ಕೆಲ್ಲ ಕಣ್ಣು ಎಳೆಯೋದು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮನೆಯವರ ತೀರ್ಪು ಮಾತ್ರ ಒಂದೇ: ‘ಎಲ್ಲಾ ಆ ಮೊಬೈಲಿಂದ.’ ಸರಿ, ಒಂದು ತಿಂಗಳು ರಾತ್ರಿ ಹತ್ತಕ್ಕೆ ಮೊಬೈಲನ್ನು ಅಮ್ಮನ ಕೈಗೇ ಕೊಟ್ಟೆ. ನಿದ್ದೆ ಚೆನ್ನಾಗಿ ಬಂತು, ಸುಸ್ತು ಹೋಗಲಿಲ್ಲ. ‘ಕೆಲಸ ಬಿಟ್ಟುಬಿಡು ಮಗಳೇ’ ಅನ್ನುವವರೆಗೂ ಮಾತು ಬಂತು. ಕಷ್ಟಪಟ್ಟು ಸಿಕ್ಕ ಕೆಲಸ ಅದು.

ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 12.2. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತಾರೆ, ನನ್ನದು ಪಾಸು! ‘ಎಲ್ಲಾ ನಾರ್ಮಲ್, ಮದುವೆ ಮಾಡಿ ಸರಿಹೋಗ್ತಾಳೆ’ ಅಂದರು ಸೋದರತ್ತೆ. ಆದರೆ ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದರು: ‘ಮುಟ್ಟು ಎಷ್ಟು ದಿನ ಇರುತ್ತೆ?’ ಏಳು ದಿನ, ಸ್ರಾವವೂ ಜಾಸ್ತಿ ಅಂದೆ. ಫೆರಿಟಿನ್ ಅನ್ನುವ ಪರೀಕ್ಷೆ ಬರೆದುಕೊಟ್ಟರು. 15 ಆದರೂ ಇರಬೇಕಾದ ಕಡೆ ನನ್ನದು 6.

ಅವರು ಹೇಳಿದ್ದು ಅಮ್ಮನಿಗೆ ತಕ್ಷಣ ಅರ್ಥವಾಯಿತು. ಹಿಮೋಗ್ಲೋಬಿನ್ ಅಂದರೆ ಪರ್ಸಿನಲ್ಲಿರುವ ದುಡ್ಡು. ಫೆರಿಟಿನ್ ಅಂದರೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು. ಡಬ್ಬಿ ಬರಿದಾಗುತ್ತಾ ಬಂದರೂ ಪರ್ಸು ಸ್ವಲ್ಪ ಕಾಲ ತುಂಬಿರುವ ಹಾಗೇ ಕಾಣುತ್ತೆ. ತಿಂಗಳು ತಿಂಗಳು ರಕ್ತದ ಜೊತೆ ಕಬ್ಬಿಣದ ಅಂಶ ಹೋಗುತ್ತಿತ್ತು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮಾಂಸದಲ್ಲಿರುವಷ್ಟು ಸುಲಭವಾಗಿ ದೇಹಕ್ಕೆ ಹಿಡಿಯುವುದಿಲ್ಲ. ಅದರ ಮೇಲೆ ತಿಂಡಿಯ ಜೊತೆಗೇ ಟೀ ಕುಡಿದರೆ ಹಿಡಿಯುವುದು ಇನ್ನೂ ಕಡಿಮೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅನುಕೂಲ. ಮಾತ್ರೆ ಶುರುವಾಯಿತು, ಟೀ ಎರಡು ಗಂಟೆ ಮುಂದೆ ಹೋಯಿತು. ಹೆಚ್ಚು ಸ್ರಾವಕ್ಕೆ ಕಾರಣವೇನೆಂದು ಸ್ಕ್ಯಾನಿಂಗ್ ಕೂಡ ಮಾಡಿಸಿದರು. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ, ಸಂಜೆ ಮನೆಗೆ ಬಂದು ಅಮ್ಮನ ಜೊತೆ ನಿಂತು ಚಪಾತಿ ಲಟ್ಟಿಸುವಷ್ಟು ಶಕ್ತಿ ಉಳಿದಿತ್ತು. ಡಬ್ಬಿ ತುಂಬಬೇಕಲ್ಲ, ಮಾತ್ರೆಯನ್ನು ಇನ್ನೂ ಕೆಲವು ತಿಂಗಳು ನಿಲ್ಲಿಸಬೇಡ ಅಂದಿದ್ದಾರೆ.

ಹಾಗಂತ ಎಲ್ಲರ ಸುಸ್ತಿಗೂ ಇದೇ ಕಾರಣ ಅಲ್ಲ. ನನ್ನ ಗೆಳತಿಯದು ನೈಟ್ ಶಿಫ್ಟ್. ಹಗಲು ಎಷ್ಟು ಮಲಗಿದರೂ ರಾತ್ರಿ ನಿದ್ದೆಗೆ ಅದು ಸಮ ಆಗುತ್ತಿಲ್ಲ. ಚಿಕ್ಕಪ್ಪನ ಮಗ ಗೊರಕೆ ಹೊಡೆದರೆ ನಾವೆಲ್ಲ ನಗ್ತಿದ್ವಿ. ನಿದ್ದೆಯಲ್ಲಿ ಅವನ ಉಸಿರೇ ಆಗಾಗ ನಿಲ್ಲುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಥೈರಾಯ್ಡ್ ಕಡಿಮೆಯಾದರೂ, ಸಕ್ಕರೆ ಕಾಯಿಲೆ ಇದ್ದರೂ ಹೀಗಾಗುತ್ತೆ. ಹಾಲು, ಮೊಸರು ಕೂಡ ಹೆಚ್ಚು ಸೇರದ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಇರಬಹುದು. ಮನಸ್ಸು ಕುಗ್ಗಿದಾಗಲೂ ಮೊದಲು ದೇಹವೇ ‘ಆಗಲ್ಲ’ ಅನ್ನುತ್ತೆ. ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ಥರ ಆಕಳಿಸುತ್ತಾರೆ, ಅಷ್ಟೇ.

ಅದಕ್ಕೇ ನನ್ನ ವಯಸ್ಸಿನವರಿಗೆ ಹೇಳೋದು: ಎರಡು ವಾರ ಕಳೆದರೂ ಸುಸ್ತು ಬಿಡದಿದ್ದರೆ ಯಾವಾಗ ಮಲಗಿದಿರಿ, ಯಾವಾಗ ಎದ್ದಿರಿ, ಏನು ತಿಂದಿರಿ, ಮುಟ್ಟು ಹೇಗಿತ್ತು ಅಂತ ಬರೆದಿಟ್ಟು ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಟಾನಿಕ್ ತರಬೇಡಿ. ಕಬ್ಬಿಣದ ಅಂಶ ಅತಿಯಾದರೂ ತೊಂದರೆಯೇ. ಉಸಿರಾಡಲು ಕಷ್ಟ, ಎದೆನೋವು, ಇದ್ದಕ್ಕಿದ್ದಂತೆ ತೂಕ ಇಳಿಯುವುದು ಇದ್ದರೆ ಎರಡು ವಾರವೂ ಕಾಯಬೇಡಿ.

ಹಿರಿಯರಲ್ಲಿ ಒಂದೇ ಕೋರಿಕೆ. ಮಕ್ಕಳು ಸುಸ್ತು ಅಂದಾಗ ಬಾವಿ ಕಥೆ ಆಮೇಲೆ ಹೇಳಿ. ಮೊದಲು ‘ಎಷ್ಟು ದಿನದಿಂದ?’ ಅಂತ ಕೇಳಿ.