ಖಾರದ ಸುಖ

ಖಾರ ತಿನ್ನುವುದು ಪೌರುಷದ ಲಕ್ಷಣವೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ. ಹತ್ತು ಹೋಳಿಗೆ ತಿಂದವನನ್ನು ಹೊಟ್ಟೆಬಾಕನೆನ್ನುತ್ತೇವೆ. ಉಪ್ಪು ಹೆಚ್ಚು ಬೇಡುವವನಿಗೆ ರಕ್ತದೊತ್ತಡದ ಭಯ ಹೇಳುತ್ತೇವೆ. ಆದರೆ ಊಟದ ನಡುವೆ ನಾಲ್ಕು ಹಸಿಮೆಣಸಿನಕಾಯಿಯನ್ನು ಕಡಿದು ನುಂಗಿ, ಮುಖದ ಒಂದು ಗೆರೆಯೂ ಅಲುಗದಂತೆ ಮಜ್ಜಿಗೆಗೆ ಕೈಯೊಡ್ಡುವವನನ್ನು ಮಾತ್ರ ಇಡೀ ಪಂಕ್ತಿಯೇ ಗೌರವದಿಂದ ನೋಡುತ್ತದೆ. ಅವನು ಏನನ್ನು ಗೆದ್ದ, ಯಾರಿಗೆ ಉಪಕಾರವಾಯಿತು, ಯಾರೂ ಕೇಳುವುದಿಲ್ಲ. ಧಾರವಾಡದ ಕಡೆಯ ನನ್ನ ಮಿತ್ರರೊಬ್ಬರು ಮೈಸೂರಿನಲ್ಲಿ ಹುಳಿಯನ್ನ ಉಂಡು, 'ಪಾಯಸ ಛಲೋ ಆಗೇದ ನೋಡ್ರಿ' ಎಂದು ಮನೆಯೊಡತಿಗೆ ಹೇಳಿ ಬಂದವರು. ಆ ಮಾತು ಆ ಮನೆಯಲ್ಲಿ ಇನ್ನೂ ಆರಿಲ್ಲ.

ಈ ಪೌರುಷಕ್ಕೆ ಬೆಂಗಳೂರಿನಲ್ಲಿ ಈಗ ಒಂದು ಹೊಸ ಗರಡಿ ತೆರೆದಿದೆ. ಅಲ್ಲಿ ಎತ್ತುವ ಕಲ್ಲಿನ ಹೆಸರು ಬರ್ಗರು. ಜರ್ಮನಿಯ ಹ್ಯಾಂಬರ್ಗ್ ಎಂಬ ಊರಿನ ಹೆಸರನ್ನು ಹೊತ್ತು, ಅಮೆರಿಕದಲ್ಲಿ ಮೈಬೆಳೆಸಿಕೊಂಡು, ನಮ್ಮಲ್ಲಿಗೆ ಬಂದ ಮೇಲೆ ಎಷ್ಟೋ ಕಡೆ ಮಾಂಸವನ್ನು ತೊರೆದು ಆಲೂಗಡ್ಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಧುವಾದ ತಿಂಡಿ ಅದು. ಬನ್ನಿನ ನಡುವೆ ಬೋಂಡ ಇಟ್ಟಂತೆ ಎಂದು ನಾನು ಹೇಳಿದರೆ ಮಕ್ಕಳಿಗೆ ಸಿಟ್ಟು ಬರುತ್ತದೆ. ಆದರೂ ಅದು ಹಾಗೆಯೇ ಇರುತ್ತದೆ.

ನನ್ನ ತಂಗಿಯ ಮೊಮ್ಮಗನಿಗೆ ಮೊದಲ ಸಂಬಳ ಬಂದಿತ್ತು. 'ಅಜ್ಜ, ನಿಮಗೇನು ಕೊಡಿಸಲಿ?' ಎಂದ. ಪಂಚೆಯಂತೂ ಸಾಕಷ್ಟಿದೆ. 'ನೀನು ಹೋಗುವ ಹೋಟೆಲಿಗೆ ಕರೆದುಕೊಂಡು ಹೋಗು' ಎಂದೆ. ಹೀಗೆ ಒಂದು ಭಾನುವಾರ ಮಧ್ಯಾಹ್ನ ಇಂದಿರಾನಗರದ ಕಡೆಯ ಒಂದು ಮಾಳಿಗೆಯ ಮೇಲೆ, ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಕುರ್ಚಿಯಲ್ಲಿ ನಾನು ಕುಳಿತಿದ್ದೆ. ತಿಂಡಿಯ ಪಟ್ಟಿಯಲ್ಲಿ ಕೆಲವು ಬರ್ಗರುಗಳ ಮುಂದೆ ಒಂದು ಮೆಣಸಿನಕಾಯಿಯ ಚಿತ್ರ, ಕೆಲವುಗಳ ಮುಂದೆ ಎರಡು, ಮೂರು. ಕಟ್ಟಕಡೆಯದರ ಮುಂದೆ ತಲೆಬುರುಡೆ. ವಿಷದ ಸೀಸೆಯ ಗುರುತನ್ನು ತಿಂಡಿಗೆ ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬೆಲೆ 380 ರೂಪಾಯಿ. ಹತ್ತು ನಿಮಿಷದಲ್ಲಿ, ನೀರು ಮುಟ್ಟದೆ ತಿಂದು ಮುಗಿಸಿದವರಿಗೆ ಬಿಲ್ಲಿಲ್ಲ. ಮೇಲಾಗಿ ಅವರ ಭಾವಚಿತ್ರವನ್ನು ಗೋಡೆಗೆ ಅಂಟಿಸುತ್ತಾರೆ.

'ಅದು ನಮಗೆ ಬೇಡ ಅಜ್ಜ' ಎಂದ ಹುಡುಗ, ಆಸೆಯಿಂದ ಅದನ್ನೇ ನೋಡುತ್ತ.

'ಎರಡು ತರಿಸು' ಎಂದೆ.

ಮೊದಲು ಬಂದದ್ದು ಬರ್ಗರಲ್ಲ, ಒಂದು ಕಾಗದ. ನನಗೆ ಹೃದ್ರೋಗವಿಲ್ಲ, ಅಸ್ತಮಾ ಇಲ್ಲ, ಹೊಟ್ಟೆಹುಣ್ಣಿಲ್ಲ, ಮುಂದೆ ಏನಾದರೂ ಅದಕ್ಕೆ ನಾನೇ ಹೊಣೆ ಎಂಬ ಒಕ್ಕಣೆ. ಎಪ್ಪತ್ತು ದಾಟಿದವನನ್ನು ಕಂಡು ಅದನ್ನು ತಂದ ತರುಣನಿಗೂ ಸ್ವಲ್ಪ ಅಳುಕಾಯಿತೆಂದು ತೋರುತ್ತದೆ. ನಾನು ರುಜು ಹಾಕಿದೆ. ಆಮೇಲೆ ಅವನು ಎರಡು ಜೊತೆ ಕಪ್ಪು ಕೈಗವಸುಗಳನ್ನು ತಂದು ಮೇಜಿನ ಮೇಲಿಟ್ಟ.

'ಇದೇತಕ್ಕಪ್ಪ?'

'ಸಾಸ್ ಕೈಗೆ ಹತ್ತಿದ್ರೆ ಉರಿ ಬೇಗ ಹೋಗಲ್ಲ ಸರ್. ಮರೆತು ಕಣ್ಣು ಮುಟ್ಟಿಕೊಂಡ್ರಂತೂ ಕಷ್ಟ.'

ಕೈಗೆ ಬೇಡವಾದದ್ದನ್ನು ನಾಲಿಗೆಗೆ ಹಾಕಿಕೊಳ್ಳುವುದು ಯಾವ ನ್ಯಾಯವೆಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹುಡುಗ ಕೈಗವಸು ತೊಟ್ಟು, ಶಸ್ತ್ರಚಿಕಿತ್ಸೆಗೆ ನಿಂತ ವೈದ್ಯನ ಹಾಗೆ ಎರಡೂ ಕೈಗಳನ್ನು ಮೇಲೆತ್ತಿಕೊಂಡು ಕುಳಿತಿದ್ದ. ನಾನೂ ತೊಟ್ಟೆ.

ಮೊದಲ ತುತ್ತಿನಲ್ಲಿ ಏನೂ ಆಗಲಿಲ್ಲ. ಬನ್ನು ಸಿಹಿ, ಆಲೂಗಡ್ಡೆ ಹದವಾಗಿತ್ತು, ಹೊಗೆ ಹಾಕಿದ ಹಣ್ಣಿನಂಥ ಒಂದು ಪರಿಮಳವೂ ಇತ್ತು. ಇಷ್ಟೇ ತಾನೆ ಎಂದು ಎರಡನೆಯದಕ್ಕೆ ಬಾಯಿ ಹಾಕಿದೆ. ಆಗ ಮೊದಲ ತುತ್ತು ಬಂತು. ಅದು ನಾಲಿಗೆಯಿಂದ ಹೊರಟು ಕಿವಿಗೆ ಹೋಯಿತು. ಕಿವಿಯ ಒಳಗೆ ಯಾರೋ ಕಡ್ಡಿ ಗೀರಿದಂತಾಯಿತು. ನೆತ್ತಿ ಬೆವತಿತು, ಮೂಗು ಸೋರಿತು, ಬಿಕ್ಕಳಿಕೆ ಹತ್ತಿತು. ಮೂರನೆಯ ತುತ್ತಿಗೆ ಕಣ್ಣಲ್ಲಿ ಧಾರಾಕಾರ ನೀರು. ಎದುರಿಗೆ ಹುಡುಗ ಕೆಂಪಗೆ, ಮಾತಿಲ್ಲದೆ, ನನಗಿಂತ ಶ್ರದ್ಧೆಯಿಂದ ಅಳುತ್ತಿದ್ದ. ಪಕ್ಕದ ಮೇಜಿನ ತರುಣಿಯರು ನಮ್ಮನ್ನು ನೋಡಿ ನಕ್ಕು ಚಪ್ಪಾಳೆ ತಟ್ಟಿದರು. ಅಜ್ಜ ಮೊಮ್ಮಗ ಎದುರುಬದುರು ಕುಳಿತು ಹೀಗೆ ಅಳುತ್ತಿದ್ದರೆ ಬೇರೆ ಯಾವ ಜಾಗದಲ್ಲಾದರೂ ಯಾರಾದರೂ ಬಂದು ಸಮಾಧಾನ ಹೇಳುತ್ತಿದ್ದರು.

ಆ ಸಾಸಿನಲ್ಲಿದ್ದದ್ದು ಈಶಾನ್ಯ ಭಾರತದ ಭೂತ್ ಜೊಲೊಕಿಯಾ. ಜಗತ್ತಿನ ಅತ್ಯಂತ ಖಾರದ ಮೆಣಸಿನಕಾಯಿಯೆಂದು 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಬಹದ್ದೂರನದು. ಖಾರಕ್ಕೂ ಒಂದು ಅಳತೆಗೋಲಿದೆ. ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧತಜ್ಞ 1912ರಲ್ಲಿ ಅದನ್ನು ಕಂಡುಹಿಡಿದ. ಮೆಣಸಿನಕಾಯಿಯ ಸಾರವನ್ನು ಸಕ್ಕರೆನೀರಿನಲ್ಲಿ ತೆಳುಮಾಡುತ್ತ ಹೋಗುವುದು, ರುಚಿ ನೋಡುವವರು 'ಇನ್ನು ಖಾರವಿಲ್ಲ' ಎನ್ನುವವರೆಗೆ. ಎಷ್ಟು ಪಾಲು ತೆಳುಮಾಡಬೇಕಾಯಿತೋ ಅಷ್ಟು ಅಂಕ. ದೊಣ್ಣೆಮೆಣಸಿನಕಾಯಿಗೆ ಸೊನ್ನೆ, ಈ ಭೂತಕ್ಕೆ 10 ಲಕ್ಷಕ್ಕೂ ಮೇಲೆ. ಅದರ ಪಟ್ಟವೂ ಉಳಿಯಲಿಲ್ಲ. ಅಮೆರಿಕದ ಎಡ್ ಕರಿ ಎಂಬ ಬೆಳೆಗಾರ ಬೆಳೆಸಿದ ತಳಿ 2013ರಲ್ಲಿ ದಾಖಲೆಗೆ ಬಂತು. 2023ರಲ್ಲಿ ಅವನೇ ಬೆಳೆಸಿದ ಇನ್ನೊಂದು, 26,93,000 ಅಂಕ ಪಡೆದು ತನ್ನ ಅಣ್ಣನನ್ನೇ ಸೋಲಿಸಿತು. ನಮ್ಮ ಬ್ಯಾಡಗಿ ಈ ಓಟಕ್ಕೆ ಇಳಿಯಲೇ ಇಲ್ಲ. ಅದರ ಹೆಸರು ನಿಂತಿರುವುದು ಬಣ್ಣದ ಮೇಲೆ, ಸುಕ್ಕಿನ ಮೇಲೆ, ಖಾರ ಮಿತ. ಮನೆಯಲ್ಲಿ ಬಾಳುವೆ ಮಾಡುವವರಿಗೆ ಅಷ್ಟು ಸಾಕು.

ನಾನು ಅರ್ಧಕ್ಕೆ ನಿಲ್ಲಿಸಿ ಮೊಸರು ತರಿಸಿಕೊಂಡೆ. ಖಾರದ ಸತ್ತ್ವ ನೀರಿನಲ್ಲಿ ಕರಗದು, ನೀರು ಕುಡಿದರೆ ಬಾಯಿಯ ತುಂಬ ಹರಡುತ್ತದಷ್ಟೆ. ಹಾಲು ಮೊಸರಿನಲ್ಲಿರುವ ಕೇಸೀನೆಂಬ ಸಸಾರಜನಕ ಅದನ್ನು ಹಿಡಿದುಕೊಂಡು ಹೋಗುತ್ತದೆ. ಹುಡುಗ ಮಾತ್ರ ಒಂಬತ್ತೂವರೆ ನಿಮಿಷಕ್ಕೆ ಮುಗಿಸಿದ. ಊದಿದ ತುಟಿಯ ಅವನ ಚಿತ್ರ ಈಗ ಆ ಗೋಡೆಯ ಮೇಲಿದೆ.

ನಮ್ಮ ಹಿರಿಯರು ಕಟುವನ್ನು ಷಡ್ರಸಗಳಲ್ಲಿ ಒಂದೆಂದು ಎಣಿಸಿದರು. ಇಂದಿನ ಶರೀರಶಾಸ್ತ್ರ ಅದನ್ನು ಆ ಪಂಕ್ತಿಯಿಂದ ಎಬ್ಬಿಸಿಬಿಟ್ಟಿದೆ. ಖಾರ ರುಚಿಯಲ್ಲ, ನೋವು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಮೆದುಳಿಗೆ ತಿಳಿಸುವ ಒಂದು ಗ್ರಾಹಕ ನಮ್ಮ ನರಗಳ ತುದಿಯಲ್ಲಿದೆ. ಮೆಣಸಿನಕಾಯಿಯ ಕ್ಯಾಪ್ಸೇಸಿನ್ ಅದೇ ಗಂಟೆಯನ್ನು ಬಾರಿಸುತ್ತದೆ. ಬೆಂಕಿಯಿಲ್ಲದೆಯೇ 'ಸುಡುತ್ತಿದೆ' ಎಂದು ಮೈ ಕೂಗಿಕೊಳ್ಳುತ್ತದೆ. ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಇದನ್ನು 1997ರಲ್ಲಿ ಕಂಡುಹಿಡಿದರು. 2021ರಲ್ಲಿ ಜೂಲಿಯಸ್ಸರಿಗೆ ನೊಬೆಲ್ ಪಾರಿತೋಷಕವೂ ಬಂತು. ಹಕ್ಕಿಗಳಿಗೆ ಈ ಗಂಟೆ ಕೇಳಿಸದು. ಅವು ಹಣ್ಣು ತಿಂದು ಬೀಜವನ್ನು ದೂರ ದೂರ ಬಿತ್ತುತ್ತವೆ; ಮಲೆನಾಡಿನ ಬೇಲಿಯ ಸಾಲಿನಲ್ಲಿ ಸೂಜಿಮೆಣಸಿನ ಗಿಡ ತಾನಾಗಿ ಏಳುವುದು ಹೀಗೆ.

ನೋವಾದರೆ ತಿನ್ನುವುದೇಕೆ? ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಹಿಡಿದು ಮೆಕ್ಸಿಕೋ ದೇಶದವರೆಗೆ ಹೋದರು. ಮೈ ಅಪಾಯವೆಂದು ಕಿರುಚುತ್ತಿರುವಾಗ, ಅಪಾಯವೇನೂ ಇಲ್ಲವೆಂದು ಮನಸ್ಸಿಗೆ ಗೊತ್ತಿರುತ್ತದಲ್ಲ, ಆ ಅರಿವಿನಲ್ಲೇ ಸುಖವಿದೆ ಎನ್ನುತ್ತಾರೆ ಅವರು. ಜಾತ್ರೆಯ ತೊಟ್ಟಿಲಲ್ಲಿ ಕುಳಿತು ಚೀರುವವರ ಸುಖವೂ ಇದೇ. ಒಪ್ಪತಕ್ಕ ಮಾತು. ತೊಟ್ಟಿಲಿನಿಂದ ಇಳಿಯಬಹುದು, ಬರ್ಗರನ್ನು ಅರ್ಧಕ್ಕೆ ಬಿಡಬಹುದು, ಬೇಕೆಂದರೆ ಮೊಸರು ಬರುತ್ತದೆ. ಆದರೆ ಆ ಗಂಟೆ ನಾಲಿಗೆಯಲ್ಲಿ ಮಾತ್ರವಿಲ್ಲ. ಅಂಗೈಯಲ್ಲಿಯೂ ಬೆರಳ ಸಂದಿಯಲ್ಲಿಯೂ ಇದೆ. ಮೆಣಸಿನಕಾಯಿ ಹೆಚ್ಚಿದವರ ಕೈಯುರಿಗೆ ವೈದ್ಯರು 'ಹುನಾನ್ ಕೈ' ಎಂದು ಚೀನದ ಒಂದು ಪ್ರಾಂತದ ಹೆಸರಿಟ್ಟಿದ್ದಾರೆ. ನಮ್ಮ ಯಾವ ಜಿಲ್ಲೆಯ ಹೆಸರನ್ನಿಟ್ಟಿದ್ದರೂ ಸಲ್ಲುತ್ತಿತ್ತು.

ಈ ಮೆಣಸಿನಕಾಯಿ ನಮ್ಮ ನೆಲದ್ದಲ್ಲ ಎಂಬುದನ್ನು ಅದರ ಹೆಸರೇ ಹೇಳುತ್ತದೆ. ನಮ್ಮದು ಮೆಣಸು. ಅದನ್ನು ಹುಡುಕಿಕೊಂಡು ಪೋರ್ಚುಗೀಸರು 1498ರಲ್ಲಿ ಪಡುವಣ ತೀರಕ್ಕೆ ಬಂದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದವರೂ ಅವರೇ. ಮೆಣಸನ್ನು ಒಯ್ದವರು ಬದಲಿಗೆ ಅಮೆರಿಕ ಖಂಡದ ಈ ಕೆಂಪು ಕಾಯನ್ನು ಬಿಟ್ಟುಹೋದರು. ಮೆಣಸಿನಂತೆ ಉರಿಯುವ ಕಾಯಿ, ಆದ್ದರಿಂದ ಮೆಣಸಿನಕಾಯಿ. ಕರಾವಳಿಯವರು ಹಳೆಯದನ್ನು ಇಂದಿಗೂ ಒಳ್ಳೆಮೆಣಸು ಎನ್ನುತ್ತಾರೆ; ಹೊಸದರ ಬಗ್ಗೆ ಅವರ ಅಭಿಪ್ರಾಯವೇನೆಂಬುದು ಅದರಲ್ಲೇ ಬಂತು. ಅನೇಕ ಮನೆಗಳಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ, ಒಳ್ಳೆಮೆಣಸೇ ಆಗಬೇಕು. ಪಿತೃಗಳಿಗೆ ಪರಿಚಯವಿಲ್ಲದ್ದನ್ನು ಬಡಿಸುವುದು ಹೇಗೆ? ಹೀಗೆ ಬಂದ ಅತಿಥಿ ಯಾವ ಹಡಗಿನಲ್ಲಿ ಬಂದ, ಯಾವ ಬಂದರಿನಲ್ಲಿ ಇಳಿದ ಎಂದು ಪಂಡಿತರು ಚರ್ಚಿಸುತ್ತಾರೆ. ಬಂದವನನ್ನು ದಿನವೂ ಅರೆಯುವ ಕೆಲಸ ಯಾರ ಪಾಲಿಗೆ ಬಿತ್ತೆಂಬುದು ಚರ್ಚೆಯ ವಿಷಯವಲ್ಲ.

ನಮ್ಮ ಮನೆ ತೀರ್ಥಹಳ್ಳಿಯ ಆಚೆ. ಅಮ್ಮನಿಗೆ ಐವತ್ತು ದಾಟುವವರೆಗೆ ಆ ಮನೆಗೆ ಮಿಕ್ಸಿ ಬರಲಿಲ್ಲ. ದಿನವೂ ಹುರಿದ ಮೆಣಸಿನಕಾಯಿ, ಕೊತ್ತಂಬರಿ, ಕಾಯಿತುರಿ ಒರಳಿಗೆ ಬೀಳುತ್ತಿತ್ತು. ಬಲಗೈ ಗುಂಡನ್ನು ತಿರುಗಿಸುತ್ತ, ಎಡಗೈ ಅರೆದದ್ದನ್ನು ಒಳಕ್ಕೆ ನೂಕುತ್ತ. ಅದು ದಿನದ ಮಾತಾಯಿತು. ಮಾವಿನಮಿಡಿಯ ಕಾಲ ಬಂದರೆ ಉಪ್ಪಿನಕಾಯಿಗೆ ಸೇರುಗಟ್ಟಲೆ ಮೆಣಸಿನಕಾಯಿ, ಸಾಸಿವೆ ಅರೆಯಬೇಕು. ಆ ರಾತ್ರಿಗಳಲ್ಲಿ ಅಮ್ಮ ಮಜ್ಜಿಗೆಯ ಪಾತ್ರೆಯಲ್ಲಿ ಎರಡೂ ಕೈಯಿಟ್ಟುಕೊಂಡು, ಅಡುಗೆಮನೆಯ ಗೋಡೆಗೊರಗಿ, ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ಅದು ಯಾವುದೋ ವ್ರತವಿರಬೇಕೆಂದು ನಾನು ತಿಳಿದಿದ್ದೆ.

ಅಪ್ಪನಾದರೋ ಖಾರಕ್ಕೆ ಹೆಸರಾದವರು. ಮಿಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಅತಿಥಿಗಳ ಮುಂದೆ ನಗುತ್ತ ಅಗಿಯುತ್ತಿದ್ದರು. 'ರಾಯರದು ಕಬ್ಬಿಣದ ನಾಲಿಗೆ' ಎಂದು ಊರೇ ಹೇಳುತ್ತಿತ್ತು. ಹೊಸ ಜಾಡಿ ತೆಗೆದ ದಿನ ಅವರು ರುಚಿ ನೋಡಿ, 'ಈ ಸಲ ಖಾರ ಸ್ವಲ್ಪ ಹಿಂದಾಯಿತು' ಎನ್ನುವುದು ವಾಡಿಕೆ. ಅಮ್ಮ ಒಳಗಿನಿಂದ, 'ಬರುವ ವರ್ಷ ನೋಡುವ' ಎನ್ನುತ್ತಿದ್ದಳು. ದನಿಯಲ್ಲಿ ಮುನಿಸೇನೂ ಇರುತ್ತಿರಲಿಲ್ಲ. ಇರಬೇಕಾಗಿತ್ತೆಂದು ನನಗೆ ಈಗ ಅನಿಸುತ್ತದೆ.

ಅಂದು ಮನೆಗೆ ಹೋಗುವ ಆಟೋದಲ್ಲಿ ಹುಡುಗನಿಗೆ ಇದನ್ನು ಹೇಳಿದೆ. ಅವನ ಅಜ್ಜಿ, ಎಂದರೆ ನನ್ನ ತಂಗಿ, ಆಗ ತೊಟ್ಟಿಲ ಕೂಸು. ಅಮ್ಮ ಒರಳಿನ ಮುಂದಿರುವಾಗಲೇ ಅದಕ್ಕೆ ಅಳು ಬರುವುದು. ಕೈ ತೊಳೆದರೂ ಉರಿ ಹೋಗದು, ಆ ಕೈಯಲ್ಲಿ ಕೂಸನ್ನು ಮುಟ್ಟುವಂತಿಲ್ಲ. ಅಂಗೈಗಳನ್ನು ಹೊರಕ್ಕೆ ತಿರುಗಿಸಿಕೊಂಡು, ಮೊಣಕೈಗಳ ನಡುವೆ ಅದನ್ನು ಎತ್ತಿ ಎದೆಗೆ ಒತ್ತಿಕೊಳ್ಳುತ್ತಿದ್ದಳು. 'ಕೈ ಹೀಗಾ ಅಜ್ಜ?' ಎಂದು ಹುಡುಗ ತನ್ನ ಎರಡು ಕೈಗಳನ್ನು ಮೇಲೆತ್ತಿ ತೋರಿಸಿದ. ಕೈಗವಸು ತೊಟ್ಟು ಕುಳಿತಿದ್ದಾಗಿನ ಹಾಗೆಯೇ. 'ಹೌದು, ಹಾಗೆಯೇ' ಎಂದೆ. ಅವನು ಮತ್ತೇನೂ ಕೇಳಲಿಲ್ಲ. ತುಟಿ ಇನ್ನೂ ಉರಿಯುತ್ತಿತ್ತೋ ಏನೋ.

ಜ್ವರ ಬಂದು ಮಲಗಿದ ದಿನಗಳಲ್ಲಿ ಅಮ್ಮ ಒಳಗಿಂದ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದದ್ದೂ ಅಂಗೈಯಿಂದಲ್ಲ. ಕೈಯ ಬೆನ್ನನ್ನು ಇಟ್ಟು. ಜ್ವರ ನೋಡುವ ಕ್ರಮವೇ ಅದೆಂದು ನಾನು ಕಲಿತೆ. ನನ್ನ ಮಕ್ಕಳ ಹಣೆಗೂ ಕೈಯ ಬೆನ್ನನ್ನೇ ಇಟ್ಟು ನೋಡಿದೆ, ಮೊಮ್ಮಕ್ಕಳಿಗೂ ಹಾಗೆಯೇ. ನನ್ನ ಅಂಗೈಯಲ್ಲಿ ಯಾವ ಖಾರವೂ ಇರಲಿಲ್ಲ.