ಚರ್ಚಿಲ್ ಬಿಟ್ಟುಹೋದ ಬಿಲ್ಲೆ

ನಮ್ಮನೆ ಬೀರುವಿನಲ್ಲಿ, ಅಜ್ಜಿಯ ಕುಂಕುಮದ ಡಬ್ಬಿ ಪಕ್ಕ, ಒಂದು ಹಿತ್ತಾಳೆ ಬಿಲ್ಲೆ ಇದೆ. ಮೇಲೆ ಕಿರೀಟ, ಸುತ್ತ ‘ಕ್ವೀನ್ಸ್ ಓನ್ ಹುಸಾರ್ಸ್’ ಅನ್ನೋ ಇಂಗ್ಲಿಷ್ ಅಕ್ಷರ, ನಡುವೆ ರೋಮನ್ ನಾಲ್ಕು. ಅಜ್ಜನ ಅಜ್ಜ ಬೆಂಗಳೂರು ದಂಡಿನಲ್ಲಿ ಟೈಲರ್ ಆಗಿದ್ದರಂತೆ. ಹೊಲಿಗೆ ದುಡ್ಡು ಕೊಡದೆ ಹೋದ ಚರ್ಚಿಲ್‌ನ ಟೋಪಿಯದು ಅಂತ ಮನೆಗೆ ಬಂದೋರಿಗೆಲ್ಲ ಹೇಳ್ತಾ ಬಂದಿದ್ದೇವೆ. ನಂಬೋ ಹಾಗೂ ಇತ್ತು. ಚರ್ಚಿಲ್ 1896ರಲ್ಲಿ 4ನೇ ಹುಸಾರ್ಸ್ ಅನ್ನೋ ಕುದುರೆ ಪಡೆ ಜೊತೆ ಬೆಂಗಳೂರಿಗೆ ಬಂದಿದ್ದ. ಬೆಂಗಳೂರು ಕ್ಲಬ್ಬಿನ ಪುಸ್ತಕದಲ್ಲಿ ಅವನ ಹೆಸರಿಗೆ 13 ರೂಪಾಯಿ ಬಾಕಿ ಇರೋದು ಎಲ್ಲರಿಗೂ ಗೊತ್ತಿರೋ ಕಥೆ.

ಆಫೀಸ್ ಕೆಲಸಕ್ಕೆ ಲಂಡನ್‌ಗೆ ಹೋದಾಗ ಬಿಲ್ಲೆಯ ಫೋಟೊ ಫೋನ್‌ನಲ್ಲಿತ್ತು. ಶನಿವಾರ ಮೊದಲು ಹಾರ್ಸ್ ಗಾರ್ಡ್ಸ್. ಕುದುರೆ ಮೇಲೆ ಅಲ್ಲಾಡದೆ ಕೂತ ಸೈನಿಕರ ಜೊತೆ ಸೆಲ್ಫಿಗೆ ನೂಕುನುಗ್ಗಲು. ಕೆಂಪು ಕೋಟು, ಹೆಲ್ಮೆಟ್ ಮೇಲೆ ಬಿಳಿ ಜುಟ್ಟು ಇದ್ದರೆ ಲೈಫ್ ಗಾರ್ಡ್ಸ್. ನೀಲಿ ಕೋಟು, ಕೆಂಪು ಜುಟ್ಟಾದರೆ ಬ್ಲೂಸ್ ಅಂಡ್ ರಾಯಲ್ಸ್. ಇಷ್ಟು ಕಲಿತು ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂಗೆ ಹೋದೆ. ಪ್ರವೇಶ ಉಚಿತ. ನೆಪೋಲಿಯನ್ನನ ಕುದುರೆ ಮರೆಂಗೊದ ಅಸ್ಥಿಪಂಜರ ಅಲ್ಲೇ ಇದೆ, ಪಾಪ.

ಟೋಪಿ ಓದೋದು ಕಷ್ಟವೇನಲ್ಲ. ನೆತ್ತಿ ಚೌಕವಾಗಿದ್ದರೆ ಲ್ಯಾನ್ಸರ್, ಅದು ಪೋಲೆಂಡಿನಿಂದ ಬಂದ ಮಾದರಿ. ತುಪ್ಪಳದ ಟೋಪಿಯ ಒಂದು ಪಕ್ಕ ಬಣ್ಣದ ಬಟ್ಟೆ ಚೀಲ ಜೋತಿದ್ದರೆ ಹುಸಾರ್. ತಲೆಬುರುಡೆ, ಕೆಳಗೆ ‘ಆರ್ ಗ್ಲೋರಿ’ ಅಂದರೆ 17ನೇ ಲ್ಯಾನ್ಸರ್ಸ್. ‘ಸಾವು’ ಅನ್ನೋ ಪದ ಬರೆದೇ ಇಲ್ಲ, ಬುರುಡೆಯೇ ಆ ಪದ! 1759ರಲ್ಲಿ ಕ್ವಿಬೆಕ್‌ನಲ್ಲಿ ಸತ್ತ ಜನರಲ್ ವುಲ್ಫ್ ನೆನಪಿಗೆ ಇಟ್ಟುಕೊಂಡದ್ದು. 11ನೇ ಹುಸಾರ್ಸ್‌ನವರು ಇನ್ನೂ ವಿಚಿತ್ರ, ಅವರ ಕಂದು ಬೆರೆಟ್‌ಗೆ ಬಿಲ್ಲೆಯೇ ಇರಲಿಲ್ಲ.

ಅಲ್ಲಿದ್ದ ಹಿರಿಯರೊಬ್ಬರಿಗೆ ನಮ್ಮ ಫೋಟೊ ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ, “ಅಕ್ಷರ ಬಿಡಿ, ಕಿರೀಟ ನೋಡಿ” ಅಂದರು. ‘ಕ್ವೀನ್ಸ್’ ಅನ್ನೋದು ಪಡೆಯ ಹೆಸರು, ಸಿಂಹಾಸನದಲ್ಲಿ ರಾಜ ಇದ್ದರೂ ಅದು ಬದಲಾಗಲ್ಲ. ಬದಲಾಗೋದು ಕಿರೀಟ. ವಿಕ್ಟೋರಿಯಾ, ಎಲಿಜಬೆತ್ ಕಾಲದ್ದಕ್ಕೆ ನಡುವೆ ತಗ್ಗು. 1901ರಿಂದ 1952ರವರೆಗಿನ ರಾಜರದ್ದು ಗುಮ್ಮಟದ ಹಾಗೆ ದುಂಡಗೆ. ನಮ್ಮದು ದುಂಡಗಿತ್ತು. ಚರ್ಚಿಲ್ ಬೆಂಗಳೂರು ಬಿಟ್ಟಿದ್ದು 1899ರಲ್ಲೇ.

ನಕಲಿಯೂ ಇರಬಹುದಾ ಅಂತ ಕೇಳಿದೆ. ನಿಜವಾಗಿ ಬಳಸಿದ್ದಾದರೆ ಉಜ್ಜಿ ಉಜ್ಜಿ ಅಂಚು ಸವೆದಿರುತ್ತೆ ಅಂದರು. ಸವೆದಿದೆ, ಆದರೆ ಉಜ್ಜಿದ್ದು ಸಿಪಾಯಿಯೋ, ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕೋ ನಮ್ಮಜ್ಜಿಯೋ? ಅದನ್ನ ಅವರಿಗೆ ಹೇಳಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಬೇಜಾರು ಮಾಡ್ಕೋತಾರೆ ಅಂತ ಸುತ್ತಿ ಬಳಸಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“1901 ಆದ್ಮೇಲಿಂದು ಅಂತೀಯಾ ಪುಟ್ಟಿ?”

“ಹೂಂ ಅಪ್ಪ.”

“ಹಂಗಾದ್ರೆ ಅದು ನಮ್ಮ ತಾತಂದೇ ಇರ್ಬೇಕು. ಅವರೂ ದಂಡಲ್ಲೇ ಹೊಲೀತಿದ್ರು. ಅವರ ಮಿಷಿನ್ ಕೆಳಗೆ ಕೂತು ನಾನು ಗುಂಡಿ ಆರಿಸ್ತಿದ್ದೆ ಕಣೆ.”

ಆಮೇಲೆ ಅರ್ಧ ಗಂಟೆ ತಾತನ ಮಿಷಿನ್ ಬಗ್ಗೆಯೇ ಮಾತಾಡಿದರು. ನಾನು ಒಮ್ಮೆಯೂ ಕೇಳಿರದ ಕಥೆಗಳು.