ಮೈಸೂರಿನ ಸಂತ ಫಿಲೋಮಿನಾ ದೇವಾಲಯ

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಮೈಸೂರಿಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆನು. ಸಂತ ಫಿಲೋಮಿನಾ ದೇವಾಲಯದ ಮುಂದೆ ನಿಂತು, ಸುಮಾರು 175 ಅಡಿ ಎತ್ತರದ ಜೋಡಿ ಗೋಪುರಗಳನ್ನು ನೋಡಿ ಅವರೆಲ್ಲರೂ ಮೂಕರಾದರು.

ಇಲ್ಲಿ ಮೊದಲಿದ್ದ ಚಿಕ್ಕ ದೇವಾಲಯವು ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1843ರಲ್ಲಿ, ಕಟ್ಟಲ್ಪಟ್ಟಿತು. ಈಗಿನ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿಭಾರವನ್ನಿಟ್ಟರು. ಜರ್ಮನಿಯ ಕಲೋನ್ ನಗರದ ಮಹಾದೇವಾಲಯವನ್ನು ಮಾದರಿಯಾಗಿಟ್ಟುಕೊಂಡು ಇದನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿದರು. ತಳವಿನ್ಯಾಸವು ಶಿಲುಬೆಯ ಆಕಾರದ್ದು: ಉದ್ದನೆಯ ಭಾಗದಲ್ಲಿ ಸಭೆ, ಇಕ್ಕೆಲದಲ್ಲಿ ತೋಳುಗಳು, ತಲೆಯ ಕಡೆಗೆ ಬಲಿಪೀಠ. ಮೇಲೆ ಚೂಪಾದ ಕಮಾನುಗಳು ಈ ಶೈಲಿಯ ಮುಖ್ಯ ಲಕ್ಷಣವು. ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜೀವಿತದ ಚಿತ್ರಗಳು ಬೆಳಗುತ್ತವೆ.

ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಸಂತಳ ಪ್ರತಿಮೆಯಿದೆ. ಅಲ್ಲಿ ನಾನು ಮಕ್ಕಳಿಗೆ ಆಕೆಯ ವೃತ್ತಾಂತವನ್ನು ಹೇಳಿದೆನು. 1802ರಲ್ಲಿ ರೋಮಾಪುರಿಯ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಒಬ್ಬ ಬಾಲೆಯ ಎಲುಬುಗಳು ದೊರೆತವು. ಗೋರಿಯನ್ನು ಮುಚ್ಚಿದ್ದ ಮೂರು ಹಂಚುಗಳ ಮೇಲಿನ ಲತೀನು ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ ಓದಿದಾಗ, ಫಿಲೋಮಿನಾ ಎಂಬ ಹೆಸರೂ ಆಕೆಗೆ ಶಾಂತಿಯಾಗಲೆಂಬ ಹಾರೈಕೆಯೂ ಹೊರಟವು. ಆದರೆ ಆಕೆಯ ಜೀವಿತವನ್ನು ತಿಳಿಸುವ ಸಮಕಾಲೀನ ಬರಹವೊಂದೂ ಇಲ್ಲ; ಪ್ರಚಾರದಲ್ಲಿರುವ ಕಥೆಯು ಹತ್ತೊಂಬತ್ತನೆಯ ಶತಮಾನದ ಸಂನ್ಯಾಸಿನಿಯೊಬ್ಬಳಿಗಾದ ದರ್ಶನದಿಂದ ಬಂದುದು. 1961ರಲ್ಲಿ ಆಕೆಯ ಹಬ್ಬವನ್ನು ಧರ್ಮಸಭೆಯ ಪಂಚಾಂಗಗಳಿಂದ ತೆಗೆಯಲಾಯಿತು.

ಆಗ ಒಬ್ಬ ಬಾಲಿಕೆಯು, "ಹಾಗಾದರೆ ಅಮ್ಮಾ, ಇದು ಯಾರ ದೇವಾಲಯ?" ಎಂದು ಕೇಳಿದಳು. ಸುತ್ತಲೂ ಭಕ್ತರು ಮೊಣಕಾಲೂರಿದ್ದರು. ನಾನು ಗಾಬರಿಗೊಂಡು, "ಇಲ್ಲಿ ಇಂತಹ ಮಾತು ಆಡಬಾರದು" ಎಂದು ಗದರಿಸಿಬಿಟ್ಟೆನು. ಅವಳ ಮುಖವು ಬಾಡಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಚರಿತ್ರೆಯನ್ನು ಇಷ್ಟು ವರ್ಷ ಬೋಧಿಸಿದವಳು, ಚರಿತ್ರೆಯ ನಿಜವಾದ ಪ್ರಶ್ನೆಯೊಂದು ಬಂದಾಗ ಬಾಯಿ ಮುಚ್ಚಿಸಿದೆನಲ್ಲವೆ?

ಶಾಲೆಗೆ ಹಿಂತಿರುಗಿದ ಮೇಲೆ ತರಗತಿಯ ಎದುರಿಗೇ ಅವಳ ಕ್ಷಮೆ ಕೇಳಿದೆನು. ಕರಿಹಲಗೆಯ ಮೇಲೆ ಗೆರೆಯೆಳೆದು, ಒಂದು ಕಡೆ "ನಮಗೆ ತಿಳಿದದ್ದು", ಇನ್ನೊಂದು ಕಡೆ "ಜನರು ನಂಬಿದ್ದು" ಎಂದು ಬರೆದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆನು. ಅವಳು ಮೊದಲನೆಯ ಕಡೆಯಲ್ಲಿ 1802, 1843, 1933 ಎಂಬ ವರ್ಷಗಳನ್ನು ಬರೆದಳು. ಮಹಾರಾಜರ ಹೆಸರುಗಳನ್ನೂ ಬರೆದಳು. ಎರಡನೆಯ ಕಡೆಯಲ್ಲಿ ಸಂತಳ ಕಥೆಯನ್ನು ಬರೆದಳು. ಬಳಿಕ ಸ್ವಲ್ಪ ಯೋಚಿಸಿ, ಮೊದಲನೆಯ ಕಡೆಗೆ ಹಿಂತಿರುಗಿ, "ಯಾರದೋ ಮಗಳು ಅಲ್ಲಿ ಮಲಗಿದ್ದಳು" ಎಂದು ಸೇರಿಸಿದಳು.

ಅದನ್ನು ಅಳಿಸಲು ಆ ದಿನ ನನಗೆ ಮನಸ್ಸಾಗಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರು ಮೈಸೂರಿಗೆ ಹೋದಾಗ, ಗೋಪುರಗಳನ್ನು ನೋಡಿ ಹಿಂತಿರುಗದೆ ನೆಲಮಾಳಿಗೆಗೂ ಇಳಿಯಲಿ. ಜೊತೆಗಿರುವ ಮಕ್ಕಳು ಏನಾದರೂ ಕೇಳಿದರೆ ಗದರಿಸದಿರಲಿ.